ನಾಲ್ಕನೆಯ ಚಾನೆಲ್‌ನಲ್ಲಿ ನರಸಮ್ಮ

ಸೆಪ್ಟೆಂಬರ್ 4, 2000. ಸೋಮವಾರ

ಇಂದಿನಿಂದ ಹೊಸ ನೋಟ್‌ಬುಕ್ಕು. ಬರೆದು ಮುಗಿಸಿದ ಮೇಲೆ ಪುಟಗಳ ನಡುವೆ ನನ್ನದೊಂದು ಕೂದಲನ್ನು ಅಡ್ಡ ಇಟ್ಟು ಮುಚ್ಚುತ್ತೇನೆ. ಮರುದಿನ ಅದು ಇಟ್ಟಲ್ಲೇ ಇದ್ದರೆ ಯಾರೂ ತೆರೆದಿಲ್ಲ ಎಂದು ಅರ್ಥ. ಯಾರೂ ಎಂದರೆ ತಂಗಿ ರಮ್ಯಾ. ಹಳೆಯ ನೋಟ್‌ಬುಕ್ಕನ್ನು ಅವಳು ಓದಿದ್ದಾಳೆ. ಸಾಬೀತು ಮಾಡಲಾಗಿಲ್ಲ, ಅಷ್ಟೆ.

ಕೆಲಸಕ್ಕೆ ಸೇರಿದೆ. ಚಾಮರಾಜಪೇಟೆಯಲ್ಲಿ ಗಂಗಾಧರಯ್ಯನವರ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋ. ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು. ತೀರಿಕೊಂಡವರ ಹಳೆಯ ಫೋಟೋಗಳನ್ನು ಅಲ್ಲಿ ಸರಿಮಾಡಿ, ಬಣ್ಣ ತುಂಬಿ, ದೊಡ್ಡದು ಮಾಡಿ ಕೊಡುತ್ತಾರೆ. ಕೆಳಗೆ ಹೆಸರು, ಜನನ, ಮರಣ ಟೈಪ್ ಮಾಡುವುದು ನನ್ನ ಕೆಲಸ. ಕನ್ನಡ ಎಂ.ಎ. ಎಂದದ್ದಕ್ಕೆ ಗಂಗಾಧರಯ್ಯ ನಕ್ಕರು.

"ಒಳ್ಳೇದಾಯ್ತು ಬಿಡಿ. ಮದ್ವೆ ಕಾರ್ಡಲ್ಲಿ ತಪ್ಪಾದ್ರೆ ಹುಡುಗ ಬಂದು ಜಗಳ ಆಡ್ತಾನೆ. ನಮ್ ಕಸ್ಟಮರ್ರು ಎದ್ ಬರೋರಲ್ಲ. ನಾವೇ ಹುಷಾರಾಗಿರ್ಬೇಕು."

ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದೆ.

ಇನ್ನೊಂದು ಕಂಪ್ಯೂಟರಿನ ಮುಂದೆ ರಾಮಾಂಜಿನಪ್ಪನವರು. ಐವತ್ತೆಂಟಿರಬಹುದು. ಮೂವತ್ತು ವರ್ಷ ನೆಗೆಟಿವ್‌ಗಳ ಮೇಲೆ ಪೆನ್ಸಿಲು, ಬ್ರಷ್ಷು ಆಡಿಸಿ ಮುಖದ ಕಲೆ ತೆಗೆದವರು. ಈಗ ಮೌಸು. "ಸೋಪು ಹಿಡ್ಕೊಂಡು ಚಿತ್ರ ಬರ್ದಂಗಿದೆ ಕಣಮ್ಮ" ಎಂದರು. ಮನುಷ್ಯ ಮೃದುವಾಗಿದ್ದಾರೆ. ಆದರೆ ನಾನು ಒಳಗೆ ಕಾಲಿಟ್ಟಾಗ ಪರದೆಯ ಮೇಲಿದ್ದುದನ್ನು ತಟ್ಟನೆ ಮುಚ್ಚಿದರು. ಯಾಕೆ?

ಸೆಪ್ಟೆಂಬರ್ 12, ಮಂಗಳವಾರ

ಪಿತೃಪಕ್ಷ ಹತ್ತಿರ ಬಂತು. ಇದೇ ನಮ್ಮ ಸೀಸನ್ನಂತೆ. ಎಡೆ ಇಡುವಾಗ ಗೋಡೆಯ ಮೇಲೆ ಫೋಟೋ ಬೇಕು; ಜನರ ಬಳಿ ಇರುವುದು ಮದುವೆಯಲ್ಲೋ ಜಾತ್ರೆಯಲ್ಲೋ ತೆಗೆಸಿದ ಗುಂಪು ಫೋಟೋ. ಅದರಿಂದ ಒಬ್ಬರನ್ನೇ ಬಿಡಿಸಬೇಕು. ಗಂಡ ಹೆಂಡತಿ ಜೊತೆಗಿದ್ದರೂ ಬಿಡಿಸಬೇಕು.

"ಬದುಕಿರೋರ್ನ ಸತ್ತೋರ್ ಪಕ್ಕ ನಿಲ್ಸಿ ಹಾರ ಹಾಕೋಕಾಗುತ್ತಾ?" ಎಂದರು ರಾಮಾಂಜಿನಪ್ಪ. "ಮನೇಲಿ ಒಪ್ಪಲ್ಲ. ಇರೋರ್ಗೆ ಕೇಡು ಅಂತಾರೆ."

ಟೈಪಿಂಗ್ ಮುಗಿದಿದ್ದರಿಂದ ನನಗೂ ಮಾಸ್ಕ್ ಹಾಕಲು ಕಲಿಸಿದರು. ಮನೆಗೆ ಸುಣ್ಣ ಹೊಡೆಯುವಾಗ ಸ್ವಿಚ್‌ಬೋರ್ಡಿಗೆ ಪೇಪರು ಅಂಟಿಸುತ್ತೇವಲ್ಲ, ಅದೇ ಇದು. ಪೇಪರಿರುವ ಕಡೆ ಸುಣ್ಣ ತಾಗುವುದಿಲ್ಲ. ಇಲ್ಲಿ ಬಿಳಿ ಬಳಿದಲ್ಲಿ ಮನುಷ್ಯ ಕಾಣುತ್ತಾನೆ, ಕಪ್ಪು ಬಳಿದಲ್ಲಿ ಮರೆಯಾಗುತ್ತಾನೆ. ಕೂದಲಿನ ಅಂಚಿಗೆ ಬೂದು, ಅಲ್ಲಿ ಅರ್ಧ ಕಾಣಬೇಕು. "ಕೂದ್ಲಲ್ಲೇ ಗೊತ್ತಾಗೋದು ಕೆಲಸಗಾರ ಯಾರು ಅಂತ."

ಈ ಕಪ್ಪು ಬಿಳುಪಿನ ಅಚ್ಚನ್ನು ಆಲ್ಫಾ ಚಾನೆಲ್ ಎಂದು ಫೈಲಿನೊಳಗೇ ಇಡಬಹುದು. ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಕೆಳಗೆ ನಾಲ್ಕನೆಯದಾಗಿ ಕೂರುತ್ತದೆ. ಪ್ರಿಂಟಿಗೆ ಬರುವುದಿಲ್ಲ. ಪಕ್ಕದ ಕಣ್ಣಿನ ಗುರುತನ್ನು ಒತ್ತಿದರೆ ಮಾತ್ರ ಕಾಣುತ್ತದೆ.

"ಕೆಲ್ಸ ಮುಗಿದ್ಮೇಲೆ ಅದನ್ನ ತೆಗೆದ್ಬಿಡೋದಾ ಸರ್?"

"ನಿನ್ನ ಫೈಲಲ್ಲಿ ತೆಗಿ. ನನ್ದು ಇರ್ಲಿ."

ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸೆಪ್ಟೆಂಬರ್ 19, ಮಂಗಳವಾರ

ಮಧ್ಯಾಹ್ನ ಗಂಗಾಧರಯ್ಯ ಊಟಕ್ಕೆ ಹೋದ ಮೇಲೆ ಒಬ್ಬ ಮುದುಕಿ ಬಂದರು. ಅವರು ಹೋಗುವುದನ್ನೇ ಕಾದು ಬಂದಂತಿತ್ತು. ಕಾಟನ್‌ಪೇಟೆಯ ನರಸಮ್ಮ ಎಂದು ಆಮೇಲೆ ತಿಳಿಯಿತು. ಗಂಡ ಆಂಜಿನಯ್ಯ ಸರ್ಕಾರಿ ಕೆಲಸದಲ್ಲಿದ್ದು ಹೋದ ವರ್ಷ ತೀರಿಕೊಂಡರಂತೆ. ಅವರ ಫೋಟೋ ಮಾಡಿಕೊಟ್ಟವರು ರಾಮಾಂಜಿನಪ್ಪನವರೇ.

ನನ್ನನ್ನು ಕಂಡು ಮುದುಕಿ ಬಾಗಿಲಲ್ಲೇ ನಿಂತರು. "ನಮ್ ಹುಡ್ಗಿನೇ, ಬನ್ನಿ" ಎಂದು ರಾಮಾಂಜಿನಪ್ಪ ಕರೆದರು. ಸ್ಟೂಲು ಹಾಕಿ, ಪರದೆಯನ್ನು ಅವರ ಕಡೆ ತಿರುಗಿಸಿ, ಏನೋ ತೋರಿಸಿದರು. ನನ್ನ ಜಾಗದಿಂದ ಪರದೆಯ ಬೆನ್ನು ಮಾತ್ರ ಕಾಣುತ್ತಿತ್ತು.

"ಇದೀನಾ?"

"ಇದೀರ, ಇದೀರ."

ಮುದುಕಿ ಬಹಳ ಹೊತ್ತು ನೋಡಿದರು. ಹೋಗುವಾಗ ಸೆರಗಿನಿಂದ ಒಂದು ಪೊಟ್ಟಣ ತೆಗೆದು ಮೌಸಿನ ಪಕ್ಕ ಇಟ್ಟರು. ರಾಮಾಂಜಿನಪ್ಪ ಅದನ್ನು ಡ್ರಾಯರಿಗೆ ಸರಿಸಿದರು.

ಗಂಡನ ಫೋಟೋ ಒಂದು ವರ್ಷದ ಹಿಂದೆಯೇ ಕೊಟ್ಟಾಗಿದೆ. ಇನ್ನು ನೋಡುವುದೇನಿದೆ? ಪೊಟ್ಟಣದಲ್ಲಿ ಏನು?

ಸೆಪ್ಟೆಂಬರ್ 20

ಹುರಿಗಡಲೆ. ಡ್ರಾಯರು ಅರ್ಧ ತೆರೆದಿತ್ತು. ಹುರಿಗಡಲೆಯನ್ನು ಯಾರೂ ಅಷ್ಟು ಗುಟ್ಟಾಗಿ ಕೊಡುವುದಿಲ್ಲ. ಕೆಳಗೆ ಬೇರೇನೋ ಇದ್ದಿರಬೇಕು.

ನನ್ನ ಕೂದಲು ಇಟ್ಟಲ್ಲೇ ಇದೆ. ಆದರೆ ಮೊದಲಿಗಿಂತ ಗಿಡ್ಡ ಎನ್ನಿಸುತ್ತಿದೆ.

ಸೆಪ್ಟೆಂಬರ್ 23, ಶನಿವಾರ

ಸಿಕ್ಕಿತು.

ರಾಮಾಂಜಿನಪ್ಪ ಕಾಫಿಗೆ ಹೋದಾಗ ಅವರ ಕಂಪ್ಯೂಟರಿನಲ್ಲಿ ಆಂಜಿನಯ್ಯನವರ ಫೈಲು ತೆರೆದೆ. ಕೋಟು ತೊಟ್ಟ ತೆಳ್ಳನೆಯ ಯುವಕ. ಒಬ್ಬನೇ ನಿಂತಿದ್ದಾನೆ, ಹಿಂದೆ ನೀಲಿ ಪರದೆ. ಅಚ್ಚುಕಟ್ಟಾದ ಬಣ್ಣ. ಚಾನೆಲ್‌ಗಳ ಪಟ್ಟಿಯಲ್ಲಿ ನಾಲ್ಕನೆಯದೊಂದಿತ್ತು. ಗಂಡಸಿನ ಆಕಾರದ ಅಚ್ಚು ಇರುತ್ತದೆಂದುಕೊಂಡು ಕಣ್ಣಿನ ಗುರುತು ಒತ್ತಿದೆ. ಕಪ್ಪಿನೊಳಗಿಂದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತ ನಿಂತಿದ್ದಳು.

ಬರಿಯ ಆಕಾರವಲ್ಲ, ಕಪ್ಪು ಬಿಳುಪಿನಲ್ಲಿ ಇಡೀ ಹೆಂಗಸು. ವಯಸ್ಸು ಇಪ್ಪತ್ತೆರಡು, ಇಪ್ಪತ್ಮೂರು. ಮುದುಕಿಯ ಗಲ್ಲ ಇದರಲ್ಲೂ ಇದೆ. ಮರೆಯಬಾರದೆಂದು ಬರೆದಿಡುತ್ತೇನೆ. ಹಣೆ ಅಗಲ. ಬೈತಲೆ ನಟ್ಟನಡುವೆ ಅಲ್ಲ, ತುಸು ಎಡಕ್ಕೆ. ಬಲ ಕಿವಿಯ ಮುಂದೆ ನಾಲ್ಕು ಕೂದಲು ಬಿಡಿಯಾಗಿ ಇಳಿದಿವೆ. ಎಡ ಹುಬ್ಬಿನ ತುದಿಯಲ್ಲಿ ಹಳೆಯ ಗಾಯದ ಗೀರು. ಎರಡೂ ಕಡೆ ಮೂಗುತಿ, ಬಲಗಡೆಯದು ದೊಡ್ಡದು. ಮೊಣಕೈವರೆಗಿನ ರವಿಕೆ, ತೋಳಿಗೆ ಎರಡು ಗೆರೆಯ ಅಂಚು. ಸೆರಗಿಗೆ ಪಿನ್ನಿಲ್ಲ. ಕಣ್ಣು ಕ್ಯಾಮೆರಾ ನೋಡುತ್ತಿಲ್ಲ, ಅದರ ಪಕ್ಕ ಯಾರನ್ನೋ ನೋಡುತ್ತಿದೆ. ತುಟಿ ಬಿಗಿದಿದೆ, ಬಲಗೆನ್ನೆ ತುಸು ಉಬ್ಬಿದೆ. ಏನನ್ನೋ ಬಚ್ಚಿಟ್ಟುಕೊಂಡ ಬಾಯಿ.

ಇಂಥವು ಇನ್ನೂ ಹತ್ತು ಫೈಲುಗಳಿವೆ. ಮೇಲೆ ತೀರಿಕೊಂಡವರು, ಒಳಗೆ ಬದುಕಿರುವವರು. ಹೆಚ್ಚಿನವರು ಹೆಂಗಸರು. ಯಾಕೆ ಇಟ್ಟುಕೊಂಡಿದ್ದಾರೆ?

ಸೆಪ್ಟೆಂಬರ್ 24, ಭಾನುವಾರ

ಹೆಸರು ಹೇಳದೆ ಅಪ್ಪನನ್ನು ಕೇಳಿದೆ. ಮಾರ್ಕೆಟ್ಟಿನಲ್ಲಿ ಇಪ್ಪತ್ತೈದು ವರ್ಷ ತರಕಾರಿ ಮಾರಿದ ಮುನಿಕೃಷ್ಣಪ್ಪನಿಗೆ ಗೊತ್ತಿಲ್ಲದ ಮೋಸವಿಲ್ಲ.

"ನಮ್ ಸೊಪ್ಪಿನ ಸಾಲಲ್ಲೇ ಒಬ್ಬ ಮಾಡಿದ್ನಲ್ಲ. ಯಾವ್ದೋ ಹೆಂಗ್ಸಿನ್ ಪಕ್ಕ ತನ್ ಫೋಟೋ ಸೇರಿಸ್ಕೊಂಡು ಗಂಡ ಹೆಂಡ್ತಿ ಅಂತ ತೋರ್ಸಿ, ಸೈಟೇ ಹೊಡ್ಕೊಂಡ. ಯಾಕವ್ವ?"

"ಸುಮ್ನೆ."

ಅಂಚು ಬಿಡಿಸಿಟ್ಟ ಹೆಂಗಸನ್ನು ಯಾವ ಗಂಡಸಿನ ಪಕ್ಕಕ್ಕೂ ನಿಲ್ಲಿಸಿ ಅವಳ ಆಸ್ತಿ ಹೊಡೆಯಬಹುದು. ಐದು ನಿಮಿಷದ ಕೆಲಸ, ಈಗ ನನಗೇ ಬರುತ್ತದೆ.

ಸೆಪ್ಟೆಂಬರ್ 30, ಶನಿವಾರ

ರಾಮಾಂಜಿನಪ್ಪ ರಜೆ, ಹೊಸಕೋಟೆಯಲ್ಲಿ ನಂಟರ ಮನೆಗೆ. ಗಂಗಾಧರಯ್ಯ ಮುಂದಿನ ಕೋಣೆಯಲ್ಲಿ ಒಂದು ಮಗುವನ್ನು ಅಳದಂತೆ ಕೂರಿಸಲು ಒದ್ದಾಡುತ್ತಿದ್ದರು.

ಅವರಿಗೆ ಹೇಳಬಹುದಿತ್ತು. ಬಾಗಿಲವರೆಗೂ ಹೋದೆ. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ನಾನು ಹೇಳುವುದು, ಅವರು ಕೂಗುವುದು, ರಾಮಾಂಜಿನಪ್ಪ ನನ್ನ ಕಡೆ ನೋಡುವುದು, ಎಲ್ಲ ಕಣ್ಣ ಮುಂದೆ ಬಂತು. ತಿರುಗಿ ಬಂದು ಆಂಜಿನಯ್ಯನವರ ಫೈಲು ತೆರೆದೆ. ನಾಲ್ಕನೆಯ ಚಾನೆಲ್ಲನ್ನು ಎಳೆದು ಕೆಳಗಿನ ಕಸದ ಬುಟ್ಟಿಗೆ ಹಾಕಿದೆ. ಉಳಿಸಿ ಮುಚ್ಚಿದೆ. ಎರಡನೆಯ ಫೈಲು ತೆರೆಯುವಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು, ಗಂಗಾಧರಯ್ಯ "ಏನ್ರೀ ಎಂ.ಎ., ಎಲ್ಲಾ ಆಫ್ ಮಾಡ್ರೀ" ಎಂದು ಓಡಿ ಬಂದರು.

ಹತ್ತು ಉಳಿದವು. ಪರವಾಗಿಲ್ಲ. ಒಬ್ಬ ಮುದುಕಿಯಾದರೂ ಪಾರಾದರು.

ಅಕ್ಟೋಬರ್ 4, ಬುಧವಾರ

ಬರೆಯಬಾರದೆಂದು ಕೂತಿದ್ದೆ. ಬರೆಯುತ್ತೇನೆ.

ನರಸಮ್ಮ ಬಂದಿದ್ದರು. ಇಂದು ಗಂಗಾಧರಯ್ಯ ಊಟಕ್ಕೆ ಹೋಗುವವರೆಗೂ ಕಾಯಲಿಲ್ಲ.

"ಸೋಮ್ವಾರ ಕಣ್ಣಿನ್ ಆಪರೇಸನ್ ಕಣಪ್ಪ. ಅದಕ್ ಮುಂಚೆ ಒಂದ್ಸಲ ನನ್ನ ತೋರ್ಸ್ಬಿಡು. ಏನಾರ ಹೆಚ್ಚು ಕಮ್ಮಿ ಆದ್ರೆ?"

"ಏನೂ ಆಗಲ್ಲ ಕೂತ್ಕೊಳಿ."

"ನಾನ್ ಹೋದ್ಮೇಲೆ ಅವ್ರ ಪಕ್ಕ ಸೇರಿಸ್ತೀಯಲ್ಲ? ಈ ರವಿಕುಮಾರನ್ ಕೈಲಿ ಬಿಟ್ರೆ ರೇಷನ್ ಕಾರ್ಡ್ ಫೋಟೋ ಹಾಕ್ಬಿಡ್ತಾನೆ ನನ್ ಮಗ. ಅದ್ರಲ್ಲಿ ಕಳ್ಳಿ ಥರ ಇದೀನಿ."

ನಗುತ್ತಲೇ ರಾಮಾಂಜಿನಪ್ಪ ಫೈಲು ತೆರೆದರು. ಚಾನೆಲ್‌ಗಳ ಪಟ್ಟಿಯ ಮೇಲೆ ಅವರ ಮೌಸು ನಿಂತಿತು. ಕೆಂಪು, ಹಸಿರು, ನೀಲಿ. ಮುಚ್ಚಿದರು. ಮತ್ತೆ ತೆರೆದರು.

"ಯಾಕಪ್ಪ?"

"ಮಿಷನ್ನು ಯಾಕೋ ಸರಿ ಇಲ್ಲ ನರಸಮ್ಮನೋರೆ. ಆಪರೇಷನ್ ಮುಗಿಸ್ಕೊಂಡ್ ಬನ್ನಿ. ಕಣ್ಣು ಚೆನ್ನಾಗಾಗಿರುತ್ತೆ, ಆವಾಗ ತೋರಿಸ್ತೀನಿ."

"ಇದೀನಿ ತಾನೆ?"

"ಇದೀರ."

ಅವರು ಹೋದ ಮೇಲೆ ನಾನು ಕೇಳಿದೆ. ಆ ಕೋಣೆಯಲ್ಲಿ ನಾನಾಗಿ ಕೇಳಿದ್ದು ಅಪರೂಪ. "ಅವರ ಮನೇಲಿ ಅಸಲು ಫೋಟೋ ಇರುತ್ತಲ್ಲ ಸರ್?"

"ಇಲ್ಲ ಕಣಮ್ಮ. ನಲ್ವತ್ತೈದು ವರ್ಷ ಫ್ರೇಮಲ್ಲಿದ್ದು ಗಾಜಿಗೆ ಅಂಟ್ಕೊಂಡ್ಬಿಟ್ಟಿತ್ತು. ಗಾಜಿನ್ ಸಮೇತ ಸ್ಕ್ಯಾನ್ ಮಾಡಿ ಆ ಫೈಲಲ್ಲೇ ಕೆಲ್ಸ ಮಾಡ್ದೆ, ಬೇರೆ ಕಾಪಿ ಇಟ್ಟಿಲ್ಲ. ಆಮೇಲೆ ಬಿಡಿಸೋಕ್ ಹೋದ್ರು, ಪುಡಿ ಪುಡಿ ಆಯ್ತು. ವಯಸ್ಸಲ್ಲಿ ಅವರು ತೆಗೆಸ್ಕೊಂಡಿದ್ದು ಅದೊಂದೇ."

ಉಳಿದ ಹತ್ತು ಮಂದಿಯೂ ಹೀಗೇ ಕೇಳಿಕೊಂಡವರಂತೆ. ತಮ್ಮ ಕಾಲ ಮುಗಿದಾಗ ಮೊದಲೇ ಹೋದವರ ಪಕ್ಕಕ್ಕೆ, ಅದೇ ವಯಸ್ಸಿನಲ್ಲಿ, ಅದೇ ಜಾಗದಲ್ಲಿ. ಮನೆಯವರಿಗೆ ಹೇಳಿದರೆ ಅಪಶಕುನ ಎನ್ನುತ್ತಾರೆ. ಅದಕ್ಕೇ ಗುಟ್ಟು.

ಅಳಿಸಿದ್ದು ಯಾರೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಕ್ಟೋಬರ್ 6

ಆಯುಧಪೂಜೆ. ರಾಮಾಂಜಿನಪ್ಪ ಎರಡೂ ಕಂಪ್ಯೂಟರಿಗೆ ಕುಂಕುಮವಿಟ್ಟರು, ಮೌಸಿಗೂ ಇಟ್ಟರು. ನನ್ನ ಮಿಷನ್ನಿಗೆ ಇಡುವಾಗ ನನ್ನ ಕಡೆ ನೋಡಿದರು. ಗೊತ್ತಿದ್ದು ನೋಡಿದರೋ, ಸುಮ್ಮನೆ ನೋಡಿದರೋ? ಗೊತ್ತಿದ್ದರೆ ಕುಂಕುಮ ಯಾಕಿಡುತ್ತಾರೆ? ಗೊತ್ತಿರುವುದಕ್ಕೇ ಇಟ್ಟರೋ?

ಅಕ್ಟೋಬರ್ 9, ಸೋಮವಾರ

ಇಂದು ನರಸಮ್ಮನವರ ಆಪರೇಷನ್ನು.

ಬೆಳಿಗ್ಗೆ ರಾಮಾಂಜಿನಪ್ಪ ಬ್ಯಾಗಿನಿಂದ ನರಸಮ್ಮನವರ ರೇಷನ್ ಕಾರ್ಡಿನ ಜೆರಾಕ್ಸು ತೆಗೆದರು. ಏನೋ ನೆಪ ಹೇಳಿ ಅವರ ಮಗ ರವಿಕುಮಾರನಿಂದ ಇಸಿದುಕೊಂಡಿದ್ದರು. ಪಕ್ಕಕ್ಕಿಟ್ಟುಕೊಂಡು ಪರದೆಯ ಮೇಲೆ ಖಾಲಿ ಚಾನೆಲ್ ತೆರೆದು ಬ್ರಷ್ಷಿನಿಂದ ಒಂದು ಗಲ್ಲದ ಗೆರೆ ಎಳೆದರು. ಅಳಿಸಿದರು. ಮತ್ತೆ ಎಳೆದರು.

"ಸರ್, ನಾನೇ..."

"ಗೊತ್ತು ಕಣಮ್ಮ. ಫೈಲಿನ್ ಮೇಲೆ ತಾರೀಕು ಇರುತ್ತೆ. ಶನಿವಾರ ಹನ್ನೊಂದು ನಲ್ವತ್ತು. ಆವತ್ತು ನಾನು ಹೊಸಕೋಟೇಲಿದ್ದೆ. ಗಂಗಾಧರಯ್ಯನೋರಿಗೆ ಚಾನೆಲ್ಲು ಅಂದ್ರೆ ಟೀವಿ."

"ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ. ಹಬ್ಬ ಕಳೀತು." ಮೌಸಿನಿಂದ ಕೈ ತೆಗೆದು ಕೇಳಿದರು. "ನಾನು ಏನ್ ಮಾಡ್ತಿದೀನಿ ಅಂದ್ಕೊಂಡೆ?"

ಎಲ್ಲ ಹೇಳಿದೆ. ಪೊಟ್ಟಣ, ಸೈಟು, ಸೊಪ್ಪಿನ ಸಾಲಿನವನ ಸುಳ್ಳು ಫೋಟೋ. ಹೇಳುತ್ತಿದ್ದಾಗ ಅದು ನನ್ನ ಕಿವಿಗೇ ಅಸಹ್ಯವಾಗಿ ಕೇಳಿಸಿತು.

"ಅಷ್ಟ್ ಬುದ್ಧಿ ಇದ್ದಿದ್ರೆ ಸ್ವಂತ ಸ್ಟುಡಿಯೋ ಇಟ್ಕೊಂಡಿರ್ತಿದ್ದೆ" ಎಂದರು. ನಗಲಿಲ್ಲ. ಮತ್ತೆ ಗಲ್ಲದ ಗೆರೆಗೆ ತಿರುಗಿದರು.

ಊಟ ಮುಗಿಸಿ ಬಂದು ಅವರೇ ಅಂದರು: "ಭುಜ ಇದೆ. ಗಂಡನ್ ತೋಳಿನ್ ಅಂಚಲ್ಲಿ ಇವರು ಒರಗಿದ್ದ ಜಾಗ ಹಂಗೇ ಇದೆ. ರೇಷನ್ ಕಾರ್ಡಲ್ಲಿ ಮೂಳೆ ಇದೆ, ಮೂಳೆ ಬದ್ಲಾಗಲ್ಲ. ಮುಖ ಸಿಗ್ತಿಲ್ಲ. ನಾನು ಅಂಚು ನೋಡೋನು ಕಣಮ್ಮ, ಮುಖ ನೋಡಿಲ್ಲ. ಮೂಗುತಿ ಯಾವ್ ಕಡೆಗಿತ್ತು ಅಂತಾನೂ ಗೊತ್ತಿಲ್ಲ."

"ಎರಡೂ ಕಡೆ. ಬಲಗಡೆದು ದೊಡ್ಡದು."

ಅವರು ಕುರ್ಚಿ ತಿರುಗಿಸಿದರು.

ಅಕ್ಟೋಬರ್ 11, ಬುಧವಾರ

ನೋಟ್‌ಬುಕ್ಕನ್ನು ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಕೆಳಗಿಟ್ಟು ತೆಗೆದುಕೊಂಡು ಹೋದೆ. ಮಾರ್ಕೆಟ್ಟಿನ ಗುಂಪು ದಾಟುವಾಗ ಎದೆಗೆ ಒತ್ತಿ ಹಿಡಿದಿದ್ದೆ.

ಅವರು ಕಪ್ಪು ಚಾನೆಲ್ ತೆರೆದು ಬಿಳಿ ಬ್ರಷ್ಷು ಹಿಡಿದು ಕೂತರು. ನಾನು ಗೋಡೆಗೆ ಮುಖ ಮಾಡಿ ಓದಿದೆ. ಹಣೆ ಅಗಲ. ಬೈತಲೆ ತುಸು ಎಡಕ್ಕೆ.

"ಎಷ್ಟು ಎಡಕ್ಕೆ?"

"ಒಂದು ಬೆರಳು."

"ನಿನ್ ಬೆರಳೋ ನನ್ ಬೆರಳೋ?"

"ನನ್ದು."

ಹುಬ್ಬಿನ ಗೀರು ಬಂದಾಗ ಅವರು "ಅಬ್ಬಾ" ಎಂದರು. "ಅದನ್ನ ನಾನು ಸ್ಕ್ಯಾನಿನ್ ಧೂಳು ಅಂದ್ಕೊಂಡು ಒರೆಸೋಕ್ ಹೋಗಿದ್ದೆ ಒಂದ್ಸಲ." ರವಿಕೆಯ ಅಂಚು, ಪಿನ್ನಿಲ್ಲದ ಸೆರಗು, ಕ್ಯಾಮೆರಾದ ಪಕ್ಕ ನೋಡುವ ಕಣ್ಣು. ಒಂದೊಂದು ವಾಕ್ಯಕ್ಕೂ ಅರ್ಧ ಗಂಟೆ. ಅಷ್ಟು ಹೊತ್ತು ಯಾರಾದರೂ ನನ್ನ ಬರವಣಿಗೆಯನ್ನು ಕೇಳಿಸಿಕೊಂಡದ್ದು ಇದೇ ಮೊದಲು.

"ಬಾಯಿ?"

ಮುಂದಿನ ವಾಕ್ಯ ಕಣ್ಣಿಗೆ ಬಿತ್ತು. ಓದಲಾಗಲಿಲ್ಲ. ಅದು ನರಸಮ್ಮನವರ ಬಾಯಿಯ ವರ್ಣನೆಯಲ್ಲ, ನನ್ನ ಮನಸ್ಸಿನದು.

"ಸ್ವಲ್ಪ ನಗು" ಎಂದೆ.

ಅಕ್ಟೋಬರ್ 14

ಮುಖ ಬಂದಿದೆ. ಕೂದಲನ್ನು ನನಗೇ ಬಿಟ್ಟರು. ಬಲ ಕಿವಿಯ ಮುಂದಿನ ನಾಲ್ಕಕ್ಕೆ ಒಂದು ದಿನ ಹಿಡಿಯಿತು. ಬೂದು, ಇನ್ನಷ್ಟು ತೆಳು ಬೂದು.

ಈಗ ತಾನೆ ರಮ್ಯಾ ಬಂದು ಕೇಳಿದಳು: "ಅಕ್ಕಾ, ಕೂದ್ಲು ಇಡೋದು ಬಿಟ್ಬಿಟ್ಯಾ?"

"ನಿನಗೆ ಹೇಗ್ ಗೊತ್ತು?"

"ಕಸ ಗುಡಿಸ್ವಾಗ ಒಂದಿನ ನೋಟ್‌ಬುಕ್ಕು ಬಿದ್ದು ನಿನ್ ಕೂದ್ಲು ಹಾರೋಯ್ತು. ಬೈತೀಯ ಅಂತ ನನ್ದಿಟ್ಟೆ."

"ಓದಿದ್ಯಾ?"

"ನಿನ್ ಅಕ್ಷರ ಯಾರಿಗ್ ಅರ್ಥ ಆಗುತ್ತೆ ಮಾರಾಯ್ತಿ."

ಕೂದಲು ಇಟ್ಟು ಎಷ್ಟು ದಿನವಾಯಿತೋ, ನೆನಪಿಲ್ಲ.

ಅಕ್ಟೋಬರ್ 21, ಶನಿವಾರ

ನರಸಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮಗ ಅಂಗಡಿ ಮುಂದೆ ಬಿಟ್ಟು ಹೋದ.

"ಈಗ ಇರುವೆ ಕಾಲೂ ಕಾಣ್ಸುತ್ತೆ ಕಣಪ್ಪ. ಎಲ್ಲಿ, ತೋರ್ಸು."

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ರಾಮಾಂಜಿನಪ್ಪ ಕಣ್ಣಿನ ಗುರುತು ಒತ್ತಿದರು. ಹೊರಗೆ ಆಟೋ ಒಂದು ಶುರುವಾಗದೆ ಕೆಮ್ಮುತ್ತಿತ್ತು. ಅದು ಶುರುವಾಗಿ ಹೋದ ಮೇಲೂ ಅವರು ನೋಡುತ್ತಲೇ ಇದ್ದರು.

"ನಾನು ನಗ್ತಾ ಇದೀನಿ" ಎಂದರು ಕೊನೆಗೆ.

ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು.

"ಆವತ್ತು ನಾನು ನಗ್ಲಿಲ್ಲ. ಹೆಂಗ್ ನಗ್ಲಿ? ದವಡೆ ಹಲ್ಲು ನೋವು, ಕೆನ್ನೆ ಇಷ್ಟಪ್ಪ ಊದ್ಕೊಂಡಿತ್ತು. ಬಾಯೊಳಗೆ ಲವಂಗ ಇಟ್ಕೊಂಡಿದ್ದೆ. ಫೋಟೋದವ್ನು ನಗಮ್ಮ ನಗಮ್ಮ ಅಂತಾನೆ, ಇವರು ಪಕ್ಕದಲ್ಲಿ ಮೆತ್ತಗೆ, ನಗ್ಬೇಡ ಕಣೆ ಲವಂಗ ಬಿದ್ದೋಗುತ್ತೆ, ಅಂತಾರೆ."

ರಾಮಾಂಜಿನಪ್ಪ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತಿದ್ದೆ. "ಅಜ್ಜಿ, ಹಳೇದನ್ನ ಅಳಿಸಿದ್ದು ನಾನು. ತಪ್ಪು ತಿಳ್ಕೊಂಡು ಅಳಿಸ್ಬಿಟ್ಟೆ. ಇದು ಸರ್ ಬರೆದಿರೋದು. ನಗು ನಾನು ಹೇಳಿದ್ದು, ಅದು ಸುಳ್ಳು."

"ನನ್ಗಿದ್ದಿದ್ದು ಅದೊಂದೇ ಕಣಮ್ಮ" ಎಂದರು. ಜೋರಾಗಿ ಹೇಳಲಿಲ್ಲ. ಮತ್ತೆ ಪರದೆಯ ಕಡೆ ತಿರುಗಿದರು. ಹುಬ್ಬಿನ ಗೀರಿಗೆ ಬೆರಳು ತಂದು, ಗಾಜಿಗೆ ತಾಗಿಸದೆ ನಿಲ್ಲಿಸಿದರು. ಆಮೇಲೆ ಕಿವಿಯ ಹತ್ತಿರ.

"ಈ ಕೂದ್ಲು?"

"ನಾನು."

"ನಾನೇ ಇಷ್ಟ್ ಚೆನ್ನಾಗ್ ಬಾಚ್ಕೊಂಡಿರ್ಲಿಲ್ಲ."

"ಬಾಯಿ ಸರಿ ಮಾಡ್ತೀನಿ, ಒಂದ್ ವಾರ ಕೊಡಿ" ಎಂದರು ರಾಮಾಂಜಿನಪ್ಪ.

ನರಸಮ್ಮ ಕನ್ನಡಕ ಹಾಕಿಕೊಂಡರು. "ಬೇಡ ಬಿಡು. ಆ ಹಲ್ಲುನೋವು ನಲ್ವತ್ತೈದು ವರ್ಷ ಗೋಡೆ ಮೇಲಿತ್ತು. ಅವ್ರ ಪಕ್ಕ ಒಂದ್ಸಲ ನಕ್ಕೊಂಡ್ ನಿಂತ್ರೆ ಏನಾಗುತ್ತೆ." ಸ್ಟೂಲಿನಿಂದ ಏಳಲು ನನ್ನ ಕೈ ಹಿಡಿದುಕೊಂಡರು. "ಇನ್ಮೇಲೆ ಇದನ್ನ ನೀನ್ ನೋಡ್ಕೊ. ಈ ರಾಮಾಂಜಿನಪ್ಪಂಗೂ ವಯಸ್ಸಾಯ್ತು." ಪೊಟ್ಟಣವನ್ನು ಈ ಸಲ ನನ್ನ ಮೌಸಿನ ಪಕ್ಕ ಇಟ್ಟರು.

ಹುರಿಗಡಲೆಯೇ. ಕೆಳಗೆ ಬೇರೇನೂ ಇರಲಿಲ್ಲ.

ಮನೆಗೆ ಬಂದು ಸೆಪ್ಟೆಂಬರ್ 23ರ ಪುಟ ತೆರೆದೆ. "ಏನನ್ನೋ ಬಚ್ಚಿಟ್ಟುಕೊಂಡ ಬಾಯಿ" ಎಂಬುದನ್ನು ಹೊಡೆದುಹಾಕಲು ಹೋಗಿ ಬಿಟ್ಟೆ. ಪಕ್ಕದ ಅಂಚಿನಲ್ಲಿ ಸಣ್ಣದಾಗಿ ಬರೆದೆ: ಲವಂಗ.